ಉಜ್ಜಿದಲ್ಲಿ ಏಳುವ ದದ್ದು

ರಾಜಾಜಿನಗರ, ಬೆಂಗಳೂರು
೧೪-೨-೧೯೫೪

ಪ್ರೀತಿಯ ಅಕ್ಕ,

ನಿನ್ನ ತಂಗಿ ರಾಜಿಯ ನಮಸ್ಕಾರಗಳು. ಹೊಸ ಬಡಾವಣೆಗೆ ಬಂದು ಎರಡು ತಿಂಗಳಾಯಿತು, ಬರೆಯಲು ಈಗ ಕುಳಿತಿದ್ದೇನೆ, ಬೈಯಬೇಡ. ಬಡಾವಣೆ ಎನ್ನುವುದು ದೊಡ್ಡ ಮಾತು. ಕಲ್ಲು ನೆಟ್ಟು ಗುರುತು ಮಾಡಿದ ರಸ್ತೆಗಳು, ಅಲ್ಲೊಂದು ಇಲ್ಲೊಂದು ಮನೆ, ನಮ್ಮ ಬಾಗಿಲಿನ ಎದುರಿಗೇ ರಾಗಿ ಕೊಯ್ದ ಹೊಲ. ಇವರಿಗೆ ಕಾರ್ಖಾನೆ ಹತ್ತಿರವಾಯಿತು, ಸೈಕಲ್ಲಿನಲ್ಲಿ ಹೋಗಿಬರುತ್ತಾರೆ. ಅದೊಂದು ಅನುಕೂಲ.

ನನ್ನ ಮೈ ಅಷ್ಟು ಸರಿಯಿಲ್ಲ. ಹೇಳಿಕೊಳ್ಳುವಂಥದ್ದೇನಲ್ಲ. ಹೋದ ವಾರ ತಲೆಗೆ ಎರೆದುಕೊಂಡ ಮೇಲೆ ಮುಖ ಕೆಂಪಗಾಗಿ, ಹೊಟ್ಟೆ ತೊಳಸಿ ವಾಂತಿಯಾಯಿತು. ತಲೆ ಸುತ್ತಿ ಸ್ವಲ್ಪ ಹೊತ್ತು ಮಲಗಿದೆ. ಹಾಲು ಹಾಕುವ ಅಕ್ಕಯ್ಯಮ್ಮ ಅದೇ ಹೊತ್ತಿಗೆ ಬಂದವಳು ನೀರು ಕೊಟ್ಟಳು. ಹಿಂದೆಯೂ ಒಂದೆರಡು ಸಲ ಹೀಗೆ ಆಗಿತ್ತು. ಡಾಕ್ಟರಿಗೆ ತೋರಿಸೋಣ ಎನ್ನುತ್ತಾರೆ ಇವರು. ನನಗೇನೋ ಅಷ್ಟು ಅಗತ್ಯ ಕಾಣುವುದಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ
ರಾಜಿ


ದಾವಣಗೆರೆ
೨೧-೨-೧೯೫೪

ಚಿ. ಸೌ. ರಾಜೇಶ್ವರಿಗೆ ಅಕ್ಕ ನೀಲಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿ ರೊಟ್ಟಿ ಹೆಂಚಿನ ಮೇಲೆ ಬಿಟ್ಟು ಹೊರಗೆ ಓಡಿಬಂದೆ. ವಾಂತಿ, ತಲೆ ಸುತ್ತು, ಮುಖ ಕೆಂಪು! ಇದನ್ನು ಹೇಳಿಕೊಳ್ಳುವಂಥದ್ದಲ್ಲ ಅಂತ ಬರೆಯುತ್ತೀಯಲ್ಲ, ಹುಚ್ಚಿ. ನಮ್ಮ ಅತ್ತೆಯವರ ತಂಗಿಗೆ ನಲವತ್ತೈದಕ್ಕೆ ಆಯಿತು. ನಿನಗೆ ನಲವತ್ಮೂರು, ಅದೇನು ಮಹಾ? ಇನ್ನು ಮೇಲೆ ಕೊಡ ಎತ್ತಬೇಡ, ಪರಂಗಿ ಹಣ್ಣು ಮುಟ್ಟಬೇಡ. ನಾನು ಹರಕೆ ಹೊತ್ತುಬಿಟ್ಟಿದ್ದೇನೆ.

ನಿಮ್ಮ ಭಾವನವರು, "ಸುಮ್ನಿರು, ಆಕಿ ಬರ್ದಿದ್ದು ಒಂದು, ನೀ ಓದಿದ್ದು ಇನ್ನೊಂದು ಐತಿ" ಅಂದರು. ಗಂಡಸರಿಗೆ ಏನು ತಿಳಿಯುತ್ತದೆ? ನೀನು ಮಿಷನ್ ಶಾಲೆಯಲ್ಲಿ ಓದಿದವಳು, ಬಾಯಿಬಿಟ್ಟು ಹೇಳುವುದಿಲ್ಲ. ನಾನೇ ತಿಳಿದುಕೊಳ್ಳಬೇಕು. ತಿಳಿದುಕೊಂಡೆ.

ಬೇಗ ಬರೆ.

ನಿನ್ನ ಅಕ್ಕ
ನೀಲಮ್ಮ


ರಾಜಾಜಿನಗರ
೯-೩-೧೯೫೪

ಪ್ರೀತಿಯ ಅಕ್ಕ,

ಅದಲ್ಲ. ನಿನ್ನ ಕಾಗದಕ್ಕೆ ತಕ್ಷಣ ಉತ್ತರಿಸಬೇಕಿತ್ತು, ಕೈ ಬರಲಿಲ್ಲ. ತಪ್ಪು ನನ್ನದೇ. ಅರ್ಧ ಬರೆದರೆ ಉಳಿದರ್ಧವನ್ನು ಓದುವವರು ತುಂಬಿಕೊಳ್ಳುತ್ತಾರೆ. ಪೂರ್ತಿ ಬರೆಯುತ್ತೇನೆ.

ಮಲಗಿದೆ ಎಂದು ಬರೆದಿದ್ದೆ. ಮಲಗಲಿಲ್ಲ, ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅಕ್ಕಯ್ಯಮ್ಮ ಹಾಲಿನ ಚೆಂಬು ಬದಿಗಿಟ್ಟು ನನ್ನ ಮುಖಕ್ಕೆ ನೀರು ಎರಚುತ್ತಿದ್ದಳು. "ಅಯ್ಯೋ ಸಿವನೇ, ಕಣ್ ಬುಡ್ರವ್ವಾ! ಮಕ ಏನು ಕೆಂಡ ಆದಂಗಾಗದೆ! ಯಾರೋ ಕಣ್ಣಾಕವ್ರೆ ಕಣವ್ವಾ" ಎಂದು ಕೂಗುತ್ತಿದ್ದಳು. ಮೈಯೆಲ್ಲ ದದ್ದು ಎದ್ದಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಸಾಯುತ್ತೇನೆ ಎನ್ನಿಸಿತು ಅಕ್ಕ. ಹೆದರಿಕೆಯಿಂದಲ್ಲ, ದೇಹವೇ ಒಂದು ಸುದ್ದಿ ಹೇಳುವ ಹಾಗೆ. ಸಂಜೆ ಇವರು ಬರುವ ಹೊತ್ತಿಗೆ ದದ್ದುಗಳೆಲ್ಲ ಇಳಿದು ನಾನು ಚಟ್ನಿ ಅರೆಯುತ್ತಿದ್ದೆ. ಏನೆಂದು ತೋರಿಸಲಿ?

ಇದರ ಜೊತೆಗೆ ಹೊಟ್ಟೆ ಮತ್ತು ತೊಡೆಯ ಮೇಲೆ ಸಣ್ಣ ಕಂದು ಮಚ್ಚೆಗಳಿವೆ. ಅವು ಹೋಗುವುದಿಲ್ಲ. ಮೂರು ನಾಲ್ಕು ವರ್ಷದಿಂದ ಒಂದೊಂದಾಗಿ ಹೆಚ್ಚುತ್ತಿವೆ. ಯಾರಿಗೂ ಹೇಳಿರಲಿಲ್ಲ.

ಇಲ್ಲಿನ ಡಾಕ್ಟರು ವೆಂಕಟರಮಣಪ್ಪನವರು ಒಳ್ಳೆಯವರು. ಮೊದಲು ಪಿತ್ತ ಎಂದರು, ಕಹಿ ಔಷಧಿ ಕೊಟ್ಟರು. ಮತ್ತೆ ಹೋದಾಗ ನರಗಳ ದೌರ್ಬಲ್ಯ ಎಂದರು. ಇವರ ಕಡೆ ತಿರುಗಿ, "ಮಕ್ಕಳಿಲ್ಲ, ಮನೆ ಬೇರೆ ಊರಾಚೆ. ಓದೋ ಹೆಂಗಸರಿಗೆ ಇದು ಜಾಸ್ತಿ ಸಾರ್. ನಾಲ್ಕು ಜನರ ಜೊತೆ ಸೇರೋಕೆ ಬಿಡಿ" ಎಂದರು. ನಾನು ಅಲ್ಲೇ ಕುಳಿತಿದ್ದೆ.

ಹರಕೆಯ ವಿಷಯಕ್ಕೆ ಬೇಸರ ಮಾಡಿಕೊಳ್ಳಬೇಡ. ನನಗೂ ಆ ಕಾಗದ ಓದಿದ ಒಂದು ಕ್ಷಣ, ಹಾಗೇ ಇದ್ದರೆ, ಎನ್ನಿಸಿತ್ತು.

ರಾಜಿ


ದಾವಣಗೆರೆ
೨-೪-೧೯೫೪

ಚಿ. ಸೌ. ರಾಜೇಶ್ವರಿಗೆ ಆಶೀರ್ವಾದ.

ಎರಡು ದಿನ ಊಟ ಸೇರಲಿಲ್ಲ. ಹರಕೆಯನ್ನು ನಾನು ವಾಪಸ್ಸು ತೆಗೆದುಕೊಂಡಿಲ್ಲ, ನಿನ್ನ ಆರೋಗ್ಯಕ್ಕೆ ಅಂತ ಬದಲಾಯಿಸಿದ್ದೇನೆ.

ಆದರೆ ನೀನು ಬರೆದಿದ್ದು ಓದಿ ಧೈರ್ಯವೂ ಬಂತು. ಇದು ಪಿತ್ತದ ಗಂಧೆ ಅಲ್ಲದೆ ಇನ್ನೇನೂ ಅಲ್ಲ. ಅವ್ವ ಇದ್ದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದಳು. ನಮ್ಮ ಓಣಿಯಲ್ಲಿ ಯಾರಿಗೆ ಗಂಧೆ ಎದ್ದರೂ ಈಗ ನನ್ನನ್ನೇ ಕರೆಯುತ್ತಾರೆ. "ನೀಲಮ್ಮನ ಕೈ ಬಿತ್ತಂದ್ರ ಗಂಧಿ ಊರು ಬಿಡ್ತತಿ" ಅಂತ ಹೇಳುತ್ತಾರೆ, ನಾನು ಹೇಳಿಕೊಳ್ಳುತ್ತಿಲ್ಲ.

ಕಂಬಳಿ ಕಳಿಸಿದ್ದೇನೆ. ಭಾವನವರ ಹತ್ತಿಯ ಲಾರಿ ಓಡಿಸುವ ಉಗ್ರಪ್ಪ ತಂದುಕೊಡುತ್ತಾನೆ. ಒರಟು ಉಣ್ಣೆಯದು, ಮೆತ್ತಗಿನದು ಕೆಲಸಕ್ಕೆ ಬರುವುದಿಲ್ಲ. ಗಂಧೆ ಎದ್ದ ಕೂಡಲೇ ಕರಿಮೆಣಸಿನ ಪುಡಿ ತುಪ್ಪದಲ್ಲಿ ಕಲಸಿ ಮೈಗೆ ಹಚ್ಚು. ಕಂಬಳಿಯಿಂದ ಚೆನ್ನಾಗಿ ಉಜ್ಜು, ಚರ್ಮ ಬಿಸಿಯಾಗಬೇಕು. ಆಮೇಲೆ ಅದನ್ನೇ ತಲೆಯಿಂದ ಹೊದ್ದು ಬೆವರು. ಒಳಗಿನ ಪಿತ್ತ ಎಲ್ಲ ಹೊರಗೆ ಬರುತ್ತದೆ. ಒಬ್ಬಳಿಗೆ ಬೆನ್ನು ಎಟುಕುವುದಿಲ್ಲ, ಆ ಹಾಲಿನವಳಿಗೆ ಹೇಳು.

ನಾಚಬೇಡ, ಉಜ್ಜಿಸಿಕೋ.

ನೀಲಮ್ಮ


ರಾಜಾಜಿನಗರ
೨೦-೫-೧೯೫೪

ಪ್ರೀತಿಯ ಅಕ್ಕ,

ಕಂಬಳಿ ತಲುಪಿತು. ಚೆನ್ನಾಗಿದೆ, ಬೆಚ್ಚಗಿದೆ. ಉಗ್ರಪ್ಪ ಚಹಾ ಕುಡಿದು ಹೋದ.

ಇವರು ನನ್ನನ್ನು ದಂಡು ಪ್ರದೇಶದ ಒಬ್ಬ ಚರ್ಮದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ವಿಲಾಯಿತಿಯಲ್ಲಿ ಓದಿ ಬಂದವರು. ನನ್ನ ವಿಷಯವನ್ನು ಇವರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ನಾನೂ ಇಂಗ್ಲಿಷಿನಲ್ಲೇ ಉತ್ತರ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ಕನ್ನಡಕ್ಕೆ ತಿರುಗಿದರು! ಹೊರಗೆ ಬಂದು ಇವರು ನಕ್ಕರು: "ಪಾಪ, ಅವರಿಗೆ ಗುಟ್ಟು ಹೇಳೋಕೆ ಭಾಷೆನೇ ಉಳೀಲಿಲ್ಲ." ಬಹಳ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ಚರ್ಮದ್ದೇನೋ ಸಣ್ಣ ಪರೀಕ್ಷೆ ಮಾಡಿದ್ದಾರೆ. ವರದಿ ಬರಬೇಕು. ಅಂಥದ್ದೇನೂ ಇರಲಾರದು.

ಎರೆದುಕೊಳ್ಳುವುದನ್ನು ಬಿಟ್ಟಿದ್ದೇನೆ, ತಣ್ಣೀರಿನ ಸ್ನಾನ. ಅಷ್ಟೇ ಸಮಾಚಾರ.

ರಾಜಿ


ದಾವಣಗೆರೆ
೧೬-೮-೧೯೫೪

ರಾಜಿಗೆ,

ಜೂನಿನಲ್ಲಿ ಬರೆದೆ, ಜುಲೈನಲ್ಲಿ ಬರೆದೆ. ಉತ್ತರವಿಲ್ಲ. ಈಗ ನಿನ್ನ ಯಜಮಾನರು ಚನ್ನಮಲ್ಲಪ್ಪನವರು ನಿಮ್ಮ ಭಾವನವರಿಗೆ ಬರೆದಿದ್ದಾರೆ. ನಿನ್ನಿಂದ ಮುಚ್ಚಿಡುವುದು ನನಗೆ ಆಗುವುದಿಲ್ಲ, ಹೇಳಿಬಿಡುತ್ತೇನೆ.

ಡಾಕ್ಟರುಗಳು ಏನೂ ಇಲ್ಲ ಅಂದರಂತೆ. ನೀನು ಮಾತ್ರ ದಿನವೂ ಮಚ್ಚೆ ಎಣಿಸಿಕೊಂಡು, ಇಂಗ್ಲಿಷ್ ವೈದ್ಯದ ಪುಸ್ತಕ ತರಿಸಿಕೊಂಡು ಓದುತ್ತೀಯಂತೆ. ಮನೆಯಿಂದ ಹೊರಗೆ ಬರುವುದಿಲ್ಲವಂತೆ. ವೆಂಕಟರಮಣಪ್ಪನವರು ಮನಸ್ಸಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟು ನೋಡೋಣ ಅಂದಿದ್ದಾರಂತೆ. ಚನ್ನಮಲ್ಲಪ್ಪನವರಿಗೆ ಮನಸ್ಸಿಲ್ಲ. ಅದಕ್ಕೇ, ದಸರೆ ಕಳೆಯುವವರೆಗೆ ನೋಡಿ, ಹೀಗೇ ಇದ್ದರೆ ಸೇರಿಸಬೇಕಾಗುತ್ತದೆ, ನೀವಾದರೂ ಬುದ್ಧಿ ಹೇಳಿ ಅಂತ ಬರೆದಿದ್ದಾರೆ. ಕೆಟ್ಟ ಮನುಷ್ಯರಲ್ಲ ಅವರು. ಕಾಗದದಲ್ಲಿ ಎರಡು ಕಡೆ ಮಸಿ ಕಲಸಿಹೋಗಿತ್ತು.

ರಾಜಿ, ಮನಸ್ಸು ಗಟ್ಟಿ ಮಾಡಿಕೋ. ಮೈಯಲ್ಲಿ ಏನೂ ಇಲ್ಲ ಅಂತ ದೊಡ್ಡ ಡಾಕ್ಟರೇ ಹೇಳಿದರೆ ಸಂತೋಷ ಪಡಬೇಕೋ ಬೇಡವೋ? ಆ ಗೋಡೆಯೊಳಗೆ ಹೋದವರ ಹೆಸರು ಆಮೇಲೆ ಹೇಗಿರುತ್ತದೆ ಗೊತ್ತಲ್ಲ. ಕಂಬಳಿ ಸರಿಯಾಗಿ ಉಜ್ಜಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ.

ನೀಲಮ್ಮ


ರಾಜಾಜಿನಗರ
೩-೯-೧೯೫೪

ಅಕ್ಕ,

ನಿನ್ನ ಕಾಗದದಲ್ಲಿ ಸುಳ್ಳೇನೂ ಇಲ್ಲ. ಮಚ್ಚೆ ಎಣಿಸುತ್ತೇನೆ. ಪುಸ್ತಕ ತರಿಸಿಕೊಂಡೆ. ಹೊರಗೆ ಹೋಗುವುದಿಲ್ಲ, ಬಿಸಿಲಿಗೆ ಬಿದ್ದುಬಿಡುತ್ತೇನೆಂದು ಹೆದರಿಕೆ. ಮೂರನ್ನೂ ಹುಚ್ಚಿಯೂ ಮಾಡುತ್ತಾಳೆ, ರೋಗಿಯೂ ಮಾಡುತ್ತಾಳೆ. ನಾನು ಯಾವಳೆಂದು ನನಗೇ ಯಾವಾಗಲೂ ತಿಳಿದಿರುವುದಿಲ್ಲ.

ಆಗ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಚರ್ಮದ ಡಾಕ್ಟರು ಮೇ ತಿಂಗಳಲ್ಲಿ ಮಾಡಿದ ಪರೀಕ್ಷೆ ಕುಷ್ಠಕ್ಕೆ. ಮಚ್ಚೆಯ ಹತ್ತಿರ ಸಣ್ಣಗೆ ಕೊಯ್ದು ಗಾಜಿನ ಮೇಲೆ ಸವರಿಕೊಂಡರು. ವರದಿ ಬರುವವರೆಗೆ ನನ್ನ ತಟ್ಟೆ ಲೋಟವನ್ನು ನಾನೇ ಬೇರೆ ಇಟ್ಟುಕೊಂಡೆ. ಇವರು ಗಮನಿಸಿದ್ದಿರಬೇಕು, ಒಂದು ದಿನ ಬೇಕೆಂದೇ ನನ್ನ ಲೋಟದಲ್ಲಿ ನೀರು ಕುಡಿದರು. ವರದಿ ಬಂತು. ಕುಷ್ಠವಲ್ಲ. ಇವರು ಅಲ್ಲೇ ಕಣ್ಣೊರೆಸಿಕೊಂಡರು. ನನಗೆ ಏನಾಯಿತು ಗೊತ್ತೇ? ಮೊದಲು ಬಂದದ್ದು ನಿರಾಸೆ. ಅದಾಗಿದ್ದರೆ ಒಂದು ಹೆಸರಿರುತ್ತಿತ್ತು, ನಾನು ಕಥೆ ಕಟ್ಟಿ ಹೇಳುತ್ತಿಲ್ಲ ಎಂದು ತಿಳಿಯುತ್ತಿತ್ತು. ಇಂಥ ಆಸೆ ಹುಟ್ಟಿದ ಮನಸ್ಸು ಸರಿಯಾಗಿದೆಯೇ ಎಂದು ಅವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ. ವೆಂಕಟರಮಣಪ್ಪನವರೇ ಸರಿಯಿರಬಹುದು.

ಆದರೆ ನಾನು ಬೀಳುವುದನ್ನು ಇದುವರೆಗೆ ಯಾವ ಡಾಕ್ಟರೂ ನೋಡಿಲ್ಲ, ಇವರೂ ನೋಡಿಲ್ಲ. ನೋಡಿದವಳು ಅಕ್ಕಯ್ಯಮ್ಮ ಒಬ್ಬಳೇ. ಅವಳನ್ನು ಕೇಳಿದರೆ ನಾಗರಕಲ್ಲಿಗೆ ಹಾಲೆರೆಯಿರಿ ಎನ್ನುತ್ತಾಳೆ.

ದೀಪಾವಳಿಗೆ ಬಾ. ಬುದ್ಧಿ ಹೇಳುವುದಕ್ಕೆ ಬೇಡ. ನನ್ನ ಜೊತೆ ಇದ್ದು ನೋಡು. ನೋಡಿದ ಮೇಲೂ ಮನಸ್ಸಿನದೇ ಎಂದು ನೀನು ಹೇಳಿದರೆ ಅವರು ಕಳಿಸಿದಲ್ಲಿಗೆ ಹೋಗುತ್ತೇನೆ, ಮಾತಾಡುವುದಿಲ್ಲ.

ರಾಜಿ


ದಾವಣಗೆರೆ
೮-೧೧-೧೯೫೪

ರಾಜಿ, ನನ್ನ ತಾಯಿ,

ನಿನ್ನನ್ನು ಬಿಟ್ಟು ಬಂದು ನಾಲ್ಕು ದಿನವಾಯಿತು. ನಿನಗೆ ಆ ಹೊತ್ತಿನ ನೆನಪಿಲ್ಲ ಅಂದೆ. ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಹಬ್ಬದ ಬೆಳಿಗ್ಗೆ ನೀನು ಬೇಡ ಬೇಡ ಅಂದೆ. "ಹಬ್ಬದ ದಿನ ಎಣ್ಣಿ ನೀರಿಲ್ದ ಇರ್ತಾರೇನ? ನಾ ಅದೀನಲ್ಲ, ಬಾ" ಅಂತ ಕೈ ಹಿಡಿದು ಕೂರಿಸಿದವಳು ನಾನು. ಬೆನ್ನಿಗೆ ಎಣ್ಣೆ ತಿಕ್ಕಿದೆ, ಸೀಗೆಪುಡಿ ತಿಕ್ಕಿದೆ, ಸುಡುಸುಡು ನೀರು ಹಾಕಿದೆ. ನಿನ್ನ ಕುತ್ತಿಗೆಯಿಂದ ಕೆಂಪು ಹತ್ತಿತು. ದದ್ದು ಎದ್ದವು. ಪಿತ್ತ ಕೈಗೆ ಸಿಕ್ಕಿತು ಅಂದುಕೊಂಡೆ ನಾನು! ಒಳಗೆ ಕರೆದೊಯ್ದು ಮೆಣಸು ತುಪ್ಪ ಹಚ್ಚಿ ಕಂಬಳಿ ತೆಗೆದುಕೊಂಡು ಉಜ್ಜಿದೆ. ನೀನು "ಅಕ್ಕ, ಸಾಕು" ಅಂದೆ. ನಾನು ಇನ್ನೂ ಜೋರಾಗಿ ಉಜ್ಜಿದೆ. ಉಜ್ಜಿದ ಕಡೆಯೇ ಏಳುತ್ತಿತ್ತು ರಾಜಿ, ನನ್ನ ಕೈ ಹೋದ ದಾರಿಯಲ್ಲೇ. ಆ ಕಂದು ಮಚ್ಚೆ ಒಂದೊಂದೂ ಅವರೆಕಾಳಿನ ಹಾಗೆ ಉಬ್ಬಿತು. ಆಮೇಲೆ ನಿನ್ನ ತುಟಿ ಬೆಳ್ಳಗಾಯಿತು, ಕಣ್ಣು ಮೇಲೆ ಹೋಯಿತು. ನಾಡಿ ಹಿಡಿದರೆ ಸಿಗಲಿಲ್ಲ. ನಾನು ಆಗಲೂ ಕಂಬಳಿ ಹೊದಿಸಿ ಒತ್ತಿ ಹಿಡಿದುಕೊಂಡೇ ಇದ್ದೆ. ಚನ್ನಮಲ್ಲಪ್ಪನವರು ಒಳಗೆ ಬಂದವರು, "ಬಿಡಿ ಅಕ್ಕಾ! ಉಸಿರು ಕಟ್ತಾ ಇದೆ, ಬಿಡಿ!" ಅಂತ ಅದನ್ನು ಕಿತ್ತು ಬಿಸಾಡಿದರು. ಅವರು ಅಳುತ್ತಾ ಚಪ್ಪಲಿ ಇಲ್ಲದೆ ಡಾಕ್ಟರಲ್ಲಿಗೆ ಓಡಿದರು.

ವೆಂಕಟರಮಣಪ್ಪನವರು ಬಂದು ಸೂಜಿ ಚುಚ್ಚಿದ ಮೇಲೆ ನೀನು ಕಣ್ಣು ಬಿಟ್ಟೆ. ನಾನು ಡಾಕ್ಟರಿಗೆ ಹೇಳಿದೆ, ಉಜ್ಜಿದಲ್ಲಿ ಎದ್ದಿತು ಅಂತ. "ಉಜ್ಜಿದರೆ ಯಾರ ಮೈ ಆದ್ರೂ ಕೆಂಪಗಾಗುತ್ತೆ ಕಣಮ್ಮಾ" ಅಂದರು. ನನ್ನ ತೋಳನ್ನು ಅದೇ ಕಂಬಳಿಯಿಂದ ಅವರೆದುರಿಗೇ ಉಜ್ಜಿಕೊಂಡೆ. ಚರ್ಮ ಕಿತ್ತು ಬಂತು, ದದ್ದು ಏಳಲಿಲ್ಲ. ಚನ್ನಮಲ್ಲಪ್ಪನವರು, "ನಾನು ನೋಡಿದೆ ಸಾರ್. ಆಸ್ಪತ್ರೆ ಮಾತು ಇನ್ನು ಬೇಡ" ಅಂದರು.

ಒಂದು ಮಾತ್ರ ಕೇಳುತ್ತೇನೆ. ಮೇ ತಿಂಗಳಲ್ಲಿ ಕಂಬಳಿ ಬಂದಾಗ ನೀನು ಉಜ್ಜಿಕೊಂಡು ನೋಡಿದ್ದೆಯಾ? ನೋಡಿದ್ದರೆ, ಬೆಚ್ಚಗಿದೆ ಅಂತ ಯಾಕೆ ಬರೆದೆ?

ನೀಲಮ್ಮ


ರಾಜಾಜಿನಗರ
೧೯-೧-೧೯೫೫

ಪ್ರೀತಿಯ ಅಕ್ಕ,

ಉಜ್ಜಿಕೊಂಡಿದ್ದೆ, ಒಂದು ತೋಳಿಗೆ. ಉರಿದು ಉಬ್ಬಿತು, ನಿಲ್ಲಿಸಿದೆ. ನೀನು ಅಷ್ಟು ನಂಬಿ ಕಳಿಸಿದ್ದೆ. ಅದೂ ಅಲ್ಲದೆ, ಎಲ್ಲರಿಗೂ ವಾಸಿಮಾಡುವುದು ನನಗೊಬ್ಬಳಿಗೆ ಕೆಡುಕು ಮಾಡುತ್ತದೆ ಎಂದರೆ ಅದೂ ನನ್ನ ಮನಸ್ಸಿನದೇ ಇರಬಹುದೆಂದು ನನಗೇ ಅನುಮಾನ. ಖಚಿತವಾದ ಮೇಲೆ ಬರೆಯೋಣ ಎಂದುಕೊಂಡೆ. ಹಬ್ಬದ ದಿನ ಆದದ್ದಕ್ಕೆ ನಿನ್ನ ಕೈಯನ್ನು ಬೈದುಕೊಳ್ಳಬೇಡ. ನಾವಿಬ್ಬರೂ ಸೇರಿ ಮಾಡಿದ ಕೆಲಸ ಅದು.

ಇವರು ನನ್ನನ್ನು ಮತ್ತೆ ಚರ್ಮದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಇವರು ಎಲ್ಲವನ್ನೂ ಹೇಳಿದರು. ನಾನು ಒಂದು ವರ್ಷದಿಂದ ಹೇಳುತ್ತಿದ್ದದ್ದೇ. ಇವರು ಹೇಳಿದಾಗ ಡಾಕ್ಟರು ಬರೆದುಕೊಂಡರು. ಆಮೇಲೆ ಪೆನ್ನಿನ ಹಿಂಬದಿಯಿಂದ ತೊಡೆಯ ಒಂದು ಮಚ್ಚೆಯನ್ನು ಉಜ್ಜಿ ಗಡಿಯಾರ ನೋಡುತ್ತ ನಿಂತರು. ಅದು ಉಬ್ಬಿತು. ಅವರ ಮುಖ ಅರಳಿತು ಅಕ್ಕ, ಹುಡುಕುತ್ತಿದ್ದ ಬೀಗದ ಕೈ ಸಿಕ್ಕವರ ಹಾಗೆ. ಪಕ್ಕದ ಕೋಣೆಯ ಡಾಕ್ಟರನ್ನೂ ಕರೆದು ತೋರಿಸಿದರು.

ಹೆಸರು ಅರ್ಟಿಕೇರಿಯಾ ಪಿಗ್ಮೆಂಟೋಸ. ಮಕ್ಕಳಿಗೆ ಬರುವುದು ಹೆಚ್ಚಂತೆ, ದೊಡ್ಡವರಲ್ಲಿ ಅಪರೂಪ. ಚರ್ಮದಲ್ಲಿ ಒಂದು ಬಗೆಯ ಕಣಗಳು ಗುಂಪುಗೂಡಿ, ಉಜ್ಜಿದರೆ, ಕಾಯಿಸಿದರೆ ಒಳಗಿನದನ್ನು ಒಮ್ಮೆಲೇ ಚೆಲ್ಲುತ್ತವಂತೆ. ಹೊರಗಿನ ದೇಶಗಳಲ್ಲಿ ಈಚೆಗೆ, ಒಳಗಿನ ಅಂಗಗಳಲ್ಲೂ ಅವು ಇರುತ್ತವೆಂದು ಬರೆಯುತ್ತಿದ್ದಾರಂತೆ. ನನಗೆ ಒಳಗೂ ಇವೆಯೇ ಎಂದು ಕೇಳಿದೆ. "ಇರಬಹುದಮ್ಮ. ನೋಡೋ ದಾರಿ ನನ್ನ ಹತ್ರ ಇಲ್ಲ" ಎಂದರು. ಇವರು, "ಗುಣ ಆಗುತ್ತಾ ಸಾರ್?" ಎಂದರು. ಅವರು ಹೊಸದಾಗಿ ಬಂದ ಮಾತ್ರೆಯ ಹೆಸರು ಬರೆದು, "ತುರಿಕೆ ಸ್ವಲ್ಪ ಕಡಿಮೆ ಆಗಬಹುದು" ಎಂದರು. ಕೇಳಿದ್ದಕ್ಕೆ ಅದು ಉತ್ತರವಲ್ಲ. ಇವರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು.

ಬಸ್ಸಿನಲ್ಲಿ ಬರುವಾಗ ಆ ಹೆಸರನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಿದೆ. ಬಣ್ಣ ಕಟ್ಟಿದ ಗಂಧೆ. ಇಷ್ಟೇ. ನೀನು ಏಪ್ರಿಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚೇನೂ ಅದರಲ್ಲಿಲ್ಲ. ಹೆಸರು ಸಿಕ್ಕಿದರೆ ದಾರಿ ಸಿಗುತ್ತದೆ ಎಂದು ಒಂದು ವರ್ಷ ನಂಬಿಕೊಂಡಿದ್ದೆ. ಹುಚ್ಚಿಯಲ್ಲ ಎಂದಾಯಿತು, ಅದಕ್ಕಾದರೂ ಸಂತೋಷಪಡುತ್ತೇನೆ. ಆದರೆ ಸಂಕ್ರಾಂತಿಯ ಹಿಂದಿನ ದಿನ ಮತ್ತೆ ಬಿದ್ದೆ. ಬಿಸಿನೀರಿಲ್ಲ, ಉಜ್ಜಿದ್ದಿಲ್ಲ. ಎಳ್ಳು ಹುರಿಯುತ್ತ ಒಲೆಯ ಮುಂದೆ ಕುಳಿತಿದ್ದೆ ಅಷ್ಟೇ.

ಮೊನ್ನೆ ಬಂದ ಕಾಗದದಲ್ಲಿ, ಶಿವರಾತ್ರಿ ಮುಗಿಸಿಕೊಂಡು ಬಂದು ನನ್ನ ಜೊತೆ ಇರುತ್ತೇನೆಂದು ಬರೆದಿದ್ದೀಯ. ಇವರು ಕಾರ್ಖಾನೆಗೆ ಹೋದ ಮೇಲೆ ಒಬ್ಬಳೇ ಇರಲು ನನಗೆ ಭಯ, ಬೇಡ ಎನ್ನುವುದಿಲ್ಲ. ನಾನು ಬಿದ್ದಾಗ ಏನು ಮಾಡಬೇಕೆಂದು ಕೇಳಿದ್ದೀಯ. ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ. ಬಾಗಿಲು ತೆರೆದು ಗಾಳಿ ಬಿಡು. ಕಾಲಿನ ಕೆಳಗೆ ಎರಡು ದಿಂಬು ಇಡು. ಅಕ್ಕಯ್ಯಮ್ಮನನ್ನು ಡಾಕ್ಟರಲ್ಲಿಗೆ ಕಳಿಸು. ಹೊದಿಸಬೇಡ, ಬಾಯಿಗೆ ಏನೂ ಹಾಕಬೇಡ, ಉಜ್ಜಬೇಡ. ಕೈಕಾಲು ತಣ್ಣಗಾದರೂ ಉಜ್ಜಬೇಡ. ಆಮೇಲೆ ಪಕ್ಕದಲ್ಲಿ ಕುಳಿತಿರು.

ಬೇರೇನೂ ಇಲ್ಲ. ಇದ್ದರೆ ಬರೆಯುತ್ತಿದ್ದೆ.

ರಾಜಿ


ದಾವಣಗೆರೆ
೬-೨-೧೯೫೫

ಚಿ. ಸೌ. ರಾಜೇಶ್ವರಿಗೆ ಆಶೀರ್ವಾದ.

ಇಪ್ಪತ್ತೈದನೇ ತಾರೀಖಿನ ರೈಲಿಗೆ ಹೊರಡುತ್ತೇನೆ. ಭಾವನವರು ಎಷ್ಟು ದಿನ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೊಸೆಗೆ ಬೀಗದ ಕೈ ಕೊಟ್ಟಾಯಿತು.

ನೀನು ಬರೆದಿದ್ದನ್ನು ನಾಲ್ಕು ಸಲ ಓದಿದೆ. ಬಾಗಿಲು, ದಿಂಬು, ಡಾಕ್ಟರು. ತಪ್ಪುವುದಿಲ್ಲ. ಕುಳಿತಿರುವುದು ಅಂತ ಬರೆದಿದ್ದೀಯಲ್ಲ, ಅದೇ ಕಷ್ಟ. ಮೊನ್ನೆ ಓಣಿಯ ಕೂಸಿಗೆ ಗಂಧೆ ಎದ್ದು ನನ್ನನ್ನು ಕರೆದರು. ನಾನು ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕುಳಿತೆ. ಅದು ಅಳುವುದು ಕೇಳುತ್ತಿತ್ತು. ಅದನ್ನೇ ತಾಳಲಾಗಲಿಲ್ಲ, ನಿನ್ನ ಮುಂದೆ ಹೇಗೆ ಕೂರುತ್ತೇನೋ. ಆದರೂ ಕೂರುತ್ತೇನೆ, ಮುಟ್ಟುವುದಿಲ್ಲ.

ರಾಜಿ, ಡಾಕ್ಟರನ್ನು ಇನ್ನೊಂದು ಕೇಳಿ ಬರೆ. ಮುಟ್ಟಬಾರದು, ಸರಿ. ಹೆಸರು ಹಿಡಿದು ಕರೆಯಬಹುದೇ? ನೀನು ಹಾಗೆ ಬಿದ್ದಿರುವಾಗ ಪಕ್ಕದಲ್ಲಿ ಕೂತು ಕರೆದರೆ ನಿನಗೆ ಕೇಳಿಸುತ್ತದೆಯೇ?

ಅವರಿಗೆ ಗೊತ್ತಿಲ್ಲದಿದ್ದರೆ ನೀನೇ ಹೇಳು. ಹಬ್ಬದ ದಿನ ನಾನು ಕರೆಯುತ್ತಲೇ ಇದ್ದೆ.

ನಿನ್ನ ಅಕ್ಕ
ನೀಲಮ್ಮ